ಡ್ರಾಯಿಂಗ್ ಟೇಬಲ್, ಸೀ ಡಾಗ್, ಕಂಟ್ರಿ ಹೌಸ್: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಳೇ ಮರದ ಸಾಮಾನುಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಒಂದೇ ಒಂದು ಸಾಲಿನ ಹತ್ತಿರ ಮೂರು ದಿನದಿಂದ ನಿಂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಹಾರ್ಡ್‌ವಿಕ್ ಹಾಲ್ ಅಂತ ಒಂದು ದೊಡ್ಡ ಮನೆ ಇದೆ. ಕಟ್ಟಿಸಿದ್ದು ಬೆಸ್ ಆಫ್ ಹಾರ್ಡ್‌ವಿಕ್, 1590ರ ದಶಕದಲ್ಲಿ. ನಾಲ್ಕು ಮದುವೆಯಾಗಿ, ಕೊನೆಗೆ ಶ್ರೂಸ್‌ಬರಿಯ ಅರ್ಲ್‌ನ ಹೆಂಡತಿಯಾದವರು ಆಕೆ. ಗೋಪುರಗಳ ತುದಿಯಲ್ಲಿ ತನ್ನ ಹೆಸರಿನ ಮೊದಲಕ್ಷರಗಳನ್ನೇ ಆಳೆತ್ತರಕ್ಕೂ ಮೀರಿ ಕಲ್ಲಲ್ಲಿ ನಿಲ್ಲಿಸಿದ್ದಾರೆ. 1601ರಲ್ಲಿ ಉಯಿಲಿಗಾಗಿ ಮನೆಯ ಸಾಮಾನುಗಳ ಪಟ್ಟಿ ಬರೆಸಿದರು. ಅದರಲ್ಲಿ ಒಂದು ಮೇಜಿನ ವಿವರ ಹೀಗಿದೆ: ಕೆತ್ತನೆ ಮಾಡಿ ಚಿನ್ನದ ಲೇಪ ಕೊಟ್ಟ, ಅಮೃತಶಿಲೆಯನ್ನೂ ಮರವನ್ನೂ ಕೂರಿಸಿದ, 'ಸೀ ಡಾಗ್'ಗಳ ಮೇಲೆ ನಿಂತ 'ಡ್ರಾಯಿಂಗ್ ಟೇಬಲ್'. ಆ ಮೇಜು ಇವತ್ತಿಗೂ ಅದೇ ಮನೆಯಲ್ಲಿದೆ!

ಮೊದಲು ಈ 'ಡ್ರಾಯಿಂಗ್'. ನಾನು 'ಚಿತ್ರ ಬರೆಯುವ ಮೇಜು' ಅಂತ ಬರೆದಿದ್ದೆ. ಪೂರ್ತಿ ತಪ್ಪು. ಇಲ್ಲಿ ಡ್ರಾ ಅಂದರೆ ಎಳೆಯುವುದು. ಮೇಲಿನ ಹಲಗೆಯ ಕೆಳಗೆ ಎರಡು ಕಡೆಯೂ ಇನ್ನೊಂದೊಂದು ಹಲಗೆ ಅಡಗಿರುತ್ತದೆ. ನೆಂಟರು ಜಾಸ್ತಿ ಬಂದರೆ ಅವನ್ನು ಹೊರಕ್ಕೆ ಎಳೆಯಬೇಕು. ಅವು ಓರೆ ಪಟ್ಟಿಗಳ ಮೇಲೆ ಏರುತ್ತಾ ಬರುತ್ತವೆ, ಮಧ್ಯದ ಹಲಗೆ ಇಳಿದು ಸಮವಾಗಿ ಕೂರುತ್ತದೆ. ಮೇಜು ಹೆಚ್ಚುಕಡಿಮೆ ಎರಡರಷ್ಟು ಉದ್ದವಾಗುತ್ತದೆ. ನಮ್ಮ ಬೀದಿಯ ಬಡಗಿಗೆ ಚಿತ್ರ ತೋರಿಸಿ ಕೇಳಿದೆ. ಹಲಗೆಯ ಅಂಚಿನ ಮೇಲೆ ಬೆರಳಾಡಿಸಿದ ಹಾಗೆ ಫೋನಿನ ಪರದೆ ಸವರಿ, "ಇದಕ್ಕೆ ನಾವು ಸ್ಲೈಡಿಂಗ್ ಅಂತೀವಿ ಸಾರ್" ಅಂದರು. ಅದನ್ನು ಬಿಟ್ಟರೆ ನನಗೆ ಹೊಳೆದದ್ದು 'ಎಳೆಹಲಗೆ ಮೇಜು'. ಕಿವಿಗೆ ಹೇಗೆ ಕೇಳುತ್ತದೆ?

ಇದರ ಜೊತೆಗೇ ಇನ್ನೊಂದು ಬಂತು. ಆ ಮೇಜು ಇದ್ದದ್ದು ವಿತ್‌ಡ್ರಾಯಿಂಗ್ ಚೇಂಬರ್‌ನಲ್ಲಿ. ಎಲ್ಲರ ನಡುವಿನಿಂದ ಎದ್ದು ಒಳಗೆ ಸರಿದು ಕೂರುವ ಕೋಣೆ. ಅದೇ ಮುಂದೆ ಸವೆದು ಡ್ರಾಯಿಂಗ್ ರೂಮ್ ಆಯಿತು. ನಾವು ಡ್ರಾಯಿಂಗ್ ರೂಮ್‌ಗೆ 'ದಿವಾನಖಾನೆ' ಅಂತ ಬರೆದು ರೂಢಿ. ಆದರೆ ದಿವಾನಖಾನೆ ಹೊರಗಿನವರು ಬಂದು ಕೂರುವ ಜಾಗ, ಅರ್ಥ ತಿರುಗುಮುರುಗು ಆಗುತ್ತದೆ ಅಲ್ವಾ? ನಾನು 'ಒಳಕೋಣೆ' ಅಂತ ಇಟ್ಟುಕೊಂಡಿದ್ದೇನೆ.

ಇನ್ನು ಸೀ ಡಾಗ್. ಸುಮ್ನೆ 'ನೀರುನಾಯಿ' ಅಂದರೆ ಓದುವವರು ಕಾವೇರಿಯ ನೀರುನಾಯಿಯನ್ನು ನೆನೆಯುತ್ತಾರೆ. ಇದು ಅದಲ್ಲ. ನಾಯಿಯ ತಲೆ, ಇಳಿಬಿದ್ದ ಕಿವಿ, ಹೆಣ್ಣಿನ ಎದೆ, ರೆಕ್ಕೆ, ಮೀನಿನ ಬಾಲ. ಇಷ್ಟೂ ಸೇರಿದ ಪ್ರಾಣಿ ಆಮೆಗಳ ಮೇಲೆ ಕೂತು ಮೇಜನ್ನು ಹೊತ್ತಿದೆ. ಫ್ರಾನ್ಸಿನ ವಿನ್ಯಾಸಕಾರ ದು ಸೆರ್ಸೋ ಅಚ್ಚು ಹಾಕಿಸಿದ ವಿನ್ಯಾಸಗಳ ಜಾಡಿನದು ಇದು. ಬೇಲೂರು, ಹಳೇಬೀಡಿನ ಗೋಡೆಸಾಲುಗಳಲ್ಲಿ ನಮ್ಮ ಮಕರ ಇದೆಯಲ್ಲ, ಅದೂ ಹೀಗೇ ಹಲವು ಪ್ರಾಣಿ ಕೂಡಿದ್ದು. ಹಾಗಂತ 'ಮಕರಮೇಜು' ಅನ್ನಲು ಮನಸ್ಸು ಒಪ್ಪುತ್ತಿಲ್ಲ, ನಾಯಿ ಕಳೆದುಹೋಗುತ್ತದೆ. ಬೆಸ್‌ರ ಕೊನೆಯ ಗಂಡನ ಟಾಲ್ಬಟ್ ಮನೆತನದ ಗುರುತುಗಳಲ್ಲಿ ಒಂದು ಬೇಟೆನಾಯಿ. ಅದಕ್ಕೇ 'ಕಡಲನಾಯಿ' ಅಂತ ಉಳಿಸಿಕೊಳ್ಳುವ ಆಸೆ.

ಇನ್‌ಲೇ, ಅಂದರೆ ಮರದಲ್ಲಿ ಕಲ್ಲನ್ನೋ ಬೇರೆ ಮರವನ್ನೋ ಕೂರಿಸುವ ಕೆಲಸ, ಅದರ ಬಗ್ಗೆ ನನಗೆ ತಕರಾರಿಲ್ಲ. ಮೈಸೂರಿನ ಬೀಟೆ ಮರದ ಕುಶಲಕರ್ಮಿಗಳು 'ಇನ್‌ಲೇ ಕೆಲಸ' ಅಂತಲೇ ಹೇಳುತ್ತಾರೆ. ಹಾಗೇ ಇರಲಿ.

ನಿಜವಾಗಿ ಕಷ್ಟ ಕೊಟ್ಟ ಪದ 'ಕಂಟ್ರಿ ಹೌಸ್'. 'ಹಳ್ಳಿಮನೆ' ಅಂದರೆ ಹೆಂಚಿನ ಮನೆ ಕಣ್ಣಿಗೆ ಬರುತ್ತದೆ. 'ತೋಟದ ಮನೆ' ಅಂದರೆ ಪಂಪ್‌ಸೆಟ್ಟಿನ ಪಕ್ಕದ ಮನೆ. 'ಬಂಗಲೆ' ಅಧಿಕಾರಿಗಳದ್ದು, ಎಸ್ಟೇಟಿನವರದ್ದು. ಹಾರ್ಡ್‌ವಿಕ್‌ನಂಥದ್ದು ಸುತ್ತಲ ಜಮೀನು, ಗೇಣಿ, ಅಧಿಕಾರ ಎಲ್ಲಕ್ಕೂ ಗೂಟ ಹೊಡೆದಂಥ ಮನೆ. ಕೊಡಗಿನ ಐನ್‌ಮನೆ ನೆನಪಾಯಿತು. ಆದರೆ ಅದು ಇಡೀ ಒಕ್ಕದ್ದು, ಅಂದರೆ ಕುಲದವರೆಲ್ಲರದ್ದು, ಇಂಗ್ಲೆಂಡಿನದು ಸಾಮಾನ್ಯವಾಗಿ ಒಬ್ಬ ವಾರಸುದಾರನಿಗೆ ಹೋಗುವಂಥದ್ದು. ತುಳುನಾಡಿನ ಗುತ್ತಿನ ಮನೆಗೆ ದೈವದ ನಂಟಿದೆ, ಅಳಿಯಸಂತಾನದ ನಂಟಿದೆ. ಹುಡುಕುತ್ತಾ ಹುಡುಕುತ್ತಾ ನಾನು ಬಂದು ನಿಂತದ್ದು ಉತ್ತರ ಕರ್ನಾಟಕದ 'ವಾಡೆ'ಯ ಮುಂದೆ. ದೇಸಾಯರ ವಾಡೆ ಅಂದರೆ ಮನೆಯೂ ಹೌದು, ವತನವೂ (ವಂಶಪಾರಂಪರ್ಯದ ಅಧಿಕಾರ, ಜಮೀನು) ಹೌದು, ಊರವರು ಕೈಕಟ್ಟಿ ನಿಲ್ಲುತ್ತಿದ್ದ ಜಾಗವೂ ಹೌದು. ತೊಡಕು ಒಂದೇ. ಹಳೇ ಮೈಸೂರು ಕಡೆ ವಾಡೆ ಅಂದರೆ ರಾಗಿ ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ!

ಈ ಪದಕ್ಕಾಗಿ ಇಷ್ಟು ಒದ್ದಾಡಲು ಕಾರಣವಿದೆ. ಮೇಜು ಉಳಿದದ್ದೇ ಆ ಮನೆಯಿಂದ. ಸಾಮಾನುಗಳು ಮನೆಯಲ್ಲೇ ಉಳಿಯಬೇಕೆಂದು ಬೆಸ್ ಉಯಿಲಿನಲ್ಲಿ ಬಯಸಿದ್ದರು. ಅವರ ವಂಶದವರು ಡೆವನ್‌ಶೈರ್ ಡ್ಯೂಕರಾದರು, ಹೆಚ್ಚಾಗಿ ತಮ್ಮ ಇನ್ನೊಂದು ದೊಡ್ಡ ಮನೆ ಚಾಟ್ಸ್‌ವರ್ತ್‌ನಲ್ಲಿ ಬಾಳಿದರು. ಹಾರ್ಡ್‌ವಿಕ್‌ನ ಹಳೆಯದನ್ನು ತೆಗೆದು ಹೊಸದು ಮಾಡುವ ಗೋಜಿಗೆ ಅಷ್ಟಾಗಿ ಯಾರೂ ಹೋಗಲಿಲ್ಲ. 1950ರಲ್ಲಿ ಹತ್ತನೇ ಡ್ಯೂಕ್ ತೀರಿಕೊಂಡಾಗ ಬಿದ್ದ ವಾರಸು ತೆರಿಗೆಗೆ ಬದಲಾಗಿ ಮನೆಯನ್ನೇ ಸರ್ಕಾರಕ್ಕೆ ಬಿಟ್ಟುಕೊಟ್ಟರು. 1959ರಲ್ಲಿ ಅದು ಹಳೇ ಮನೆಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ಗೆ ಬಂತು. ಇಂಗ್ಲಿಷಿನಲ್ಲಿ ಹೌಸ್ ಅಂದರೆ ವಂಶ ಅಂತಲೂ ಆಗುತ್ತದೆ, ನಮ್ಮಲ್ಲೂ ಮನೆಯಿಂದಲೇ ಮನೆತನ ಬಂತು. ಈ ಎರಡೂ ಛಾಯೆ ಒಂದೇ ಪದದಲ್ಲಿ ಸಿಕ್ಕಿದರೆ ಎಷ್ಟು ಚೆನ್ನ.

ವಾಡೆಯಲ್ಲಿ ಹುಟ್ಟಿ ಬೆಳೆದವರು ಇಲ್ಲಿದ್ದರೆ ದಯವಿಟ್ಟು ಹೇಳಿ, ಊಟ ಮುಗಿದ ಮೇಲೆ ಮನೆಯವರಷ್ಟೇ ಹೋಗಿ ಕೂರುತ್ತಿದ್ದ ಒಳಗಿನ ಕೋಣೆಗೆ ಏನನ್ನುತ್ತಿದ್ದಿರಿ? ಬಡಗಿ ಕೆಲಸದ ಮನೆಯವರು ಎಳೆಹಲಗೆಗೆ ಇದಕ್ಕಿಂತ ಒಳ್ಳೇ ಪದ ಗೊತ್ತಿದ್ದರೆ ತಿಳಿಸಿ. ಲೇಖನ ಮುಂದಿನ ವಾರ ಕೊಡಬೇಕು.