ಬಳಚಿನ ಬೀಜ ಎಲ್ಲಿಂದ ಬರುತ್ತದೆ?

ಬಳಚು ಅಂದರೆ ಹೊಳೆಯ ಮರಳಲ್ಲಿ ಹೆಕ್ಕಿ ತಿನ್ನುವ ಚಿಪ್ಪಿನ ಜೀವಿ. ಬೀಜ ಅಂದರೆ ಅದರ ಮರಿ. ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಅದರ ಬಗ್ಗೆ ನಡೆದ ಮಾತುಕತೆ ಇದು. ನಮ್ಮ ಮೂಲ ಕುಮಟಾ ಕಡೆ. ಈಗ ಅರ್ಧ ಮಂದಿ ಬೆಂಗಳೂರಿನಲ್ಲಿದ್ದೇವೆ. ಅತ್ತೆ ಮಾತ್ರ ಇನ್ನೂ ಅಲ್ಲಿನ ಅಘನಾಶಿನಿ ಹೊಳೆಯ ದಡದಲ್ಲೇ ಇದ್ದಾರೆ. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ.

ಚಿಕ್ಕಪ್ಪ (ವಿಜಯನಗರ): ಫಾರ್ವರ್ಡ್ ಬಂದ ವಿಡಿಯೊ. "ಬಳಚು ಖಾಲಿಯಾಗುತ್ತೆ ಅಂತ ಹೆದರಿಸುವವರನ್ನು ನಂಬಬೇಡಿ. ಸಣ್ಣದು ದೊಡ್ಡದು ನೋಡದೆ ಹೆಕ್ಕಿ. ಕಡಲಿನ ಸೆಳವು ಪ್ರತಿ ವರ್ಷ ನೂರಾರು ಕಿಲೋಮೀಟರ್ ದೂರದಿಂದ ಹೊಸ ಬೀಜ ತಂದು ಹಾಕುತ್ತದೆ."

ಚಿಕ್ಕಪ್ಪ: ನಾನು ಮೊದಲಿಂದ ಹೇಳುತ್ತಿದ್ದದ್ದೂ ಇದನ್ನೇ. ಕಡಲಮ್ಮ ಕೊಡೋದು ನಿಲ್ಲಿಸೋದಿಲ್ಲ.

ನಾನು: ಚಿಕ್ಕಪ್ಪ, ದಯವಿಟ್ಟು ಇದನ್ನು ಊರಿನ ಗುಂಪುಗಳಿಗೆ ಕಳಿಸಬೇಡಿ. ಇದರಲ್ಲಿ ಅರ್ಧ ನಿಜ ಇದೆ. ಅದಕ್ಕೇ ಜನ ನಂಬಿಬಿಡುತ್ತಾರೆ.

ಚಿಕ್ಕಪ್ಪ: ಯಾವ ಅರ್ಧ ಸುಳ್ಳು ಹೇಳು ತಂಗಿ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ದೊಡ್ಡ ನೆರೆ ಬಂತು. ಹೊಳೆ ಪೂರ್ತಿ ಸಿಹಿನೀರು. ಬಳಚೆಲ್ಲ ಬಾಯಿ ಬಿಟ್ಟು ಸತ್ತವು. ದಡದಲ್ಲಿ ನಾತ ತಡೆಯೋಕೆ ಆಗುತ್ತಿರಲಿಲ್ಲ. ಆದರೂ ಮುಂದಿನ ವರ್ಷ ಮರಳಲ್ಲಿ ಕೈ ಹಾಕಿದರೆ ಬಳಚು. ಅದು ಎಲ್ಲಿಂದ ಬಂತು?

ನಾನು: ಒಳ್ಳೆ ಪ್ರಶ್ನೆ. ಬಳಚು ತಾನಾಗಿ ನಡೆದು ಬರೋದಿಲ್ಲ, ಅಲ್ವಾ? ಗಂಡು ವೀರ್ಯವನ್ನು, ಹೆಣ್ಣು ಮೊಟ್ಟೆಯನ್ನು ನೀರಿಗೇ ಬಿಡುತ್ತವೆ. ಒಂದು ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಹಾಕುತ್ತದೆ. ಅದರಿಂದ ಆಗುವ ಲಾರ್ವಾ ಮರಳಿನ ಕಣಕ್ಕಿಂತ ಸಣ್ಣದು. ಸುತ್ತ ಕೂದಲಿನಂಥ ಎಳೆಗಳಿರುತ್ತವೆ, ಅವನ್ನು ಬಡಿಯುತ್ತಾ ತೇಲುತ್ತದೆ. ಒಂದರಿಂದ ಮೂರು ವಾರ ನೀರು ಒಯ್ದ ಕಡೆ ಹೋಗುತ್ತದೆ. ಆಮೇಲೆ ಸಣ್ಣ ಪಾದ ಮೂಡುತ್ತದೆ, ತಳ ಹುಡುಕಿ ಕೂರುತ್ತದೆ. ಆ ವರ್ಷ ಹೊಳೆಬಾಗಿಲಲ್ಲಿ ಉಪ್ಪು ಉಳಿದ ಕಡೆ ಬದುಕಿದ್ದ ಬಳಚಿನ ಮರಿ ಇರಬಹುದು. ಪಕ್ಕದ ಹೊಳೆಯದ್ದೂ ಸೇರಿರಬಹುದು. ಕಡಲು ಬೀಜ ಒಯ್ಯುತ್ತದೆ ಅನ್ನೋದು ಖಂಡಿತ ನಿಜ.

ಅಣ್ಣ (ವೈಟ್‌ಫೀಲ್ಡ್): ಹಾಗಾದರೆ ವಿಡಿಯೊ ಸರಿಯೇ ಅಲ್ವಾ? ಸೆಳವು ಸೆಕೆಂಡಿಗೆ 20 ಸೆಂಟಿಮೀಟರ್ ಅಂತ ಹಿಡಿ. ದಿನಕ್ಕೆ 17 ಕಿ.ಮೀ. ಮೂರು ವಾರಕ್ಕೆ 360 ಕಿ.ಮೀ. ಕಾಸರಗೋಡಿನದ್ದು ಕಾರವಾರ ದಾಟಿತು.

ನಾನು: ಅಣ್ಣ, ಲೆಕ್ಕ ಸರಿ. ಆದರೆ ಆ ಮರಿ ಬಸ್ ಹತ್ತಿ ಕೂತಿರೋದಿಲ್ಲ. ದಡದ ಹತ್ತಿರ ನೀರು ನಿಧಾನ. ಕೊಲ್ಲಿಗಳಲ್ಲಿ ಸುತ್ತು ಹೊಡೆಯುತ್ತದೆ. ಭರತಕ್ಕೆ ಒಳಗೆ, ಇಳಿತಕ್ಕೆ ಹೊರಗೆ. ಅಳಿವೆಯ, ಅಂದರೆ ಹೊಳೆ ಕಡಲು ಸೇರುವ ಜಾಗದ, ಕೆಲವು ಚಿಪ್ಪಿನ ಮರಿಗಳು ಭರತ ಬರುವಾಗ ಮೇಲೆ ಏರಿ, ಇಳಿತದಲ್ಲಿ ತಳಕ್ಕೆ ಇಳಿದು ಒಳಗೇ ಉಳಿಯುತ್ತವೆ. ಅಷ್ಟರಲ್ಲಿ ಬಹುಪಾಲು ಮೀನಿನ ಹೊಟ್ಟೆ ಸೇರಿರುತ್ತವೆ. ದೂರ ಹೋದಷ್ಟೂ ಉಳಿಯೋದು ಕಡಿಮೆ.

ನಾನು: ಇನ್ನೊಂದು, ನಮ್ಮ ಕಡಲಿನ ಸೆಳವು ವರ್ಷವಿಡೀ ಒಂದೇ ಕಡೆಗಿಲ್ಲ. ಮಳೆಗಾಲದಲ್ಲಿ ಕರಾವಳಿಯ ನೀರು ದಕ್ಷಿಣಕ್ಕೆ ಹರಿಯುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ತಿರುಗಿ ಉತ್ತರಕ್ಕೆ. ಬಂಡೆಗೆ ಅಂಟಿ ಬೆಳೆಯುವ ಚಿಪ್ಪು ನೀಲಿಕಲ್ಲು ಮಳೆಗಾಲದಲ್ಲಿ ಬೀಜ ಬಿಡುತ್ತದೆ, ಅದು ತೇಲಿದರೆ ತೆಂಕಕ್ಕೆ. ಬಳಚು ಬಿಡೋದು ಮಳೆ ಮುಗಿದು ನೀರು ಉಪ್ಪಾದ ಮೇಲೆ, ಅದು ತೇಲಿದರೆ ಬಡಗಕ್ಕೆ. ಅಂದರೆ ಹೊನ್ನಾವರದ ಶರಾವತಿ ಬಾಯಿಂದ ನಮಗೆ ಬರಬಹುದು. ನಮ್ಮದು ಬಡಗಿನ ಗಂಗಾವಳಿ ಹೊಳೆಗೆ ಹೋಗಬಹುದು. ಶರಾವತಿಯಲ್ಲೂ ಯಾರೋ ಇದೇ ವಿಡಿಯೊ ನೋಡಿ ಸಣ್ಣದನ್ನೆಲ್ಲ ಬಾಚಿದರೆ ನಮಗೆ ಕಳಿಸೋದು ಯಾರು?

ಅಮ್ಮ: ಚಿಕ್ಕಪ್ಪ ಹೋದ ತಿಂಗಳು ಊರಿನ ಬಸ್ಸಿಗೆ ಹಾಕಿಸಿ ತರಿಸಿದ್ದರಲ್ಲ, ಅದರಲ್ಲಿ ಅರ್ಧ ಹುಣಸೆ ಬೀಜದಷ್ಟೇ ಇತ್ತು. ಬಿಡಿಸಿದರೆ ಒಳಗೆ ಏನೂ ಇಲ್ಲ. ಸುಕ್ಕಾ ಮಾಡೋಕೆ ಕಾಯಿ ತುರಿಯೇ ಜಾಸ್ತಿ ಆಯಿತು. ಪಾಪ ಅನ್ನಿಸಿತು ನನಗೆ.

ಚಿಕ್ಕಪ್ಪ: ಅತ್ತಿಗೆ, ಅದು ಕೊಟ್ಟವನ ತಪ್ಪು. ತಂಗಿ, ನೀನು ಹೇಳಿದ್ದನ್ನು ಕಣ್ಣಾರೆ ನೋಡಿದವರು ಯಾರಾದರೂ ಇದ್ದಾರಾ? ಅಷ್ಟು ಸಣ್ಣ ಮರಿ ಎಲ್ಲಿಂದ ಬಂತು ಅಂತ ಹೇಗೆ ಗೊತ್ತಾಗುತ್ತೆ?

ನಾನು: ಅದು ನನಗೆ ತುಂಬಾ ಇಷ್ಟವಾದ ವಿಷಯ ಚಿಕ್ಕಪ್ಪ. ಅಮೆರಿಕದ ಸ್ಯಾನ್ ಡಿಯಾಗೊ ಕರಾವಳಿಯಲ್ಲಿ ನಮ್ಮ ನೀಲಿಕಲ್ಲಿನ ಬಂಧುಗಳು ಎರಡು ಜಾತಿ ಇವೆ. ಲಾರ್ವಾ ಇರುವಾಗಲೇ ಚಿಪ್ಪು ಕಟ್ಟಿಕೊಳ್ಳುತ್ತದೆ. ಆ ಜಾಗದ ನೀರಿನಲ್ಲಿರುವ ಲೋಹಗಳ ಗುರುತು ಚಿಪ್ಪಿನಲ್ಲಿ ಉಳಿಯುತ್ತದೆ. ಬಂಡೆಗೆ ಅಂಟಿದ ಮರಿಯ ಚಿಪ್ಪಿನ ತುದಿಯಲ್ಲಿ ಆ ಹಳೇ ಚಿಪ್ಪು ಹಾಗೇ ಇರುತ್ತದೆ, ಚುಕ್ಕಿಯಷ್ಟು. ಸಂಶೋಧಕರು ಮೊದಲು ಬೇರೆ ಬೇರೆ ಜಾಗಗಳಲ್ಲಿ ಲಾರ್ವಾಗಳನ್ನು ಸಣ್ಣ ಗೂಡಿನಲ್ಲಿ ಬೆಳೆಸಿ ಒಂದೊಂದು ಜಾಗದ ಗುರುತು ತಿಳಿದುಕೊಂಡರು. ಆಮೇಲೆ ಬಂಡೆಯ ಮರಿಗಳ ಆ ಚುಕ್ಕಿಯನ್ನು ಲೇಸರ್‌ನಿಂದ ಪರೀಕ್ಷೆ ಮಾಡಿ ಹೋಲಿಸಿದರು. 2007ರಲ್ಲಿ ಪ್ರಕಟವಾಯಿತು. ಬಹಳ ದೂರ ಹೋಗುತ್ತವೆ ಅಂತ ಎಲ್ಲರೂ ನಂಬಿದ್ದ ಮರಿಗಳು ಹುಟ್ಟಿದ ಕಡೆಯಿಂದ 20-30 ಕಿ.ಮೀ. ಒಳಗೇ ಉಳಿದಿರಬಹುದು ಅಂತ ಕಂಡಿತು.

ಅಣ್ಣ: ಅದು ಅಮೆರಿಕ. ಅದೂ ಬಂಡೆಯ ಜಾತಿ. ನಮ್ಮ ಬಳಚಿಗೆ ಹೇಗೆ ಅನ್ವಯ?

ನಾನು: ಆ ಕಿಲೋಮೀಟರ್ ಲೆಕ್ಕ ನಮ್ಮದಲ್ಲ, ಒಪ್ಪುತ್ತೇನೆ. ಅಲ್ಲೇ ಅಕ್ಕಪಕ್ಕ ಬದುಕುವ ಆ ಎರಡು ಜಾತಿಗಳೇ ಬೇರೆ ಬೇರೆ ಥರ ಹರಡಿದ್ದವು. ಅದಕ್ಕೇ "ಕಡಲು ತರುತ್ತೆ" ಅಂತ ಕಣ್ಣು ಮುಚ್ಚಿ ಹೇಳಬಾರದು ಅನ್ನೋದು. ಹತ್ತಿರದ ಉದಾಹರಣೆ ಬೇಕಾದರೆ ಕೇರಳದ ಕೊಲ್ಲಂನ ಅಷ್ಟಮುಡಿ ಹಿನ್ನೀರು ನೋಡಿ. ನಮ್ಮಂಥದ್ದೇ ಬಳಚು. 1991ರಲ್ಲಿ ವರ್ಷಕ್ಕೆ 10,000 ಟನ್ ತೆಗೆದರು. 1993ಕ್ಕೆ ಅರ್ಧಕ್ಕೆ ಇಳಿಯಿತು. ಹೊರಗೆ ಅಷ್ಟು ದೊಡ್ಡ ಕಡಲಿದೆ, ಬೀಜ ತಂದು ತುಂಬಿಸಿತಾ? ಇಲ್ಲ.

ಅತ್ತೆ (ಕುಮಟಾ): ಈಗ ನಾನು ಹೇಳ್ತೇನೆ. ಎಲ್ಲರೂ ಬೆಂಗಳೂರಲ್ಲಿ ಕೂತು ಮಾತಾಡ್ತೀರಿ. ಇಳಿತದಲ್ಲಿ ಸೊಂಟದವರೆಗೆ ನೀರಲ್ಲಿ ನಿಂತು ಹೆಕ್ಕುವ ಹೆಂಗಸಿಗೆ ಸಣ್ಣದು ಬಿಡು ಅಂದರೆ ಅವತ್ತಿನ ಒಲೆ ಹೇಗೆ ಹೊತ್ತಬೇಕು?

ನಾನು: ಅತ್ತೆ, ನಿಮ್ಮ ಮಾತು ಸರಿ. ಹೆಕ್ಕಲೇಬೇಡಿ ಅಂತ ನಾನು ಯಾವತ್ತೂ ಹೇಳೋದಿಲ್ಲ. ಅಷ್ಟಮುಡಿಯಲ್ಲೂ ಹಾಗೆ ಮಾಡಲಿಲ್ಲ. ಬೀಜ ಬಿಡುವ ಕಾಲದಲ್ಲಿ, ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ನಿಲ್ಲಿಸಿದರು. ಮರಿ ಜಾರಿಹೋಗುವಂತೆ ಬಲೆಯ ಕಣ್ಣು ದೊಡ್ಡದು ಮಾಡಿದರು. ಸಣ್ಣದನ್ನು ಹೊರದೇಶಕ್ಕೆ ಮಾರೋದು ತಡೆದರು. 2014ರಲ್ಲಿ ಸುಸ್ಥಿರ ಮೀನುಗಾರಿಕೆ ಅಂತ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲೇ ಮೊದಲನೆಯದು. ಇಲ್ಲೂ ಹಾಗೆ ನಿಲ್ಲಿಸಿದರೆ, ಆ ಮೂರು ತಿಂಗಳು ಹೆಕ್ಕುವವರ ಮನೆ ನಡೆಯೋಕೆ ಸರ್ಕಾರ ಹಣ ಕೊಡಬೇಕು. ನಮ್ಮ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಬರೀ ಹೆಸರು ಸಿಕ್ಕಿದರೆ ಸಾಕಾ? ಅದನ್ನೇ ಹಿಡಿದು ಕೇಳಬೇಕು.

ಅತ್ತೆ: ಬೀಜ ಎಲ್ಲ ಕಡೆ ಬೀಳೋದಿಲ್ಲ ಅನ್ನೋದು ಮಾತ್ರ ನಿಜ. ಮಳೆ ಹೋದ ಮೇಲೆ ಮರಳ ಮೇಲೆ ಕಾಲಿಟ್ಟರೆ ಪಾದಕ್ಕೆ ಗೊತ್ತಾಗ್ತದೆ, ರವೆ ಚೆಲ್ಲಿದ ಹಾಗೆ ಚುರುಚುರು. ಒಂದು ವರ್ಷ ಈ ದಿಬ್ಬ, ಇನ್ನೊಂದು ವರ್ಷ ಆಚೆ ದಿಬ್ಬ. ಕೆಲವು ವರ್ಷ ಎಲ್ಲೂ ಇಲ್ಲ. ದೊಡ್ಡ ಬಳಚು ಉಳಿದ ದಿಬ್ಬದ ಹತ್ತಿರವೇ ಜಾಸ್ತಿ ಅಂತ ನಮ್ಮ ಅವ್ವ ಹೇಳ್ತಿದ್ದಳು. ಬಿತ್ತನೆಗೆ ಇಟ್ಟ ಭತ್ತ ಕುಟ್ಟಿ ಉಣ್ಣಬಾರದು ಅಂತಲೂ ಹೇಳ್ತಿದ್ದಳು.

ಚಿಕ್ಕಪ್ಪ: ಅವ್ವ ಹೇಳ್ತಿದ್ದದ್ದು ನೆನಪಿದೆ ಅಕ್ಕ. ಆದರೂ ಆ ನೆರೆ ವರ್ಷ ಕಡಲೇ ಕಾಪಾಡಿತು ಅಂತಲೇ ನನ್ನ ನಂಬಿಕೆ.

ನಾನು: ಕಾಪಾಡಿರಬಹುದು ಚಿಕ್ಕಪ್ಪ. ಆಗ ಪಕ್ಕದ ಹೊಳೆಗಳಲ್ಲೂ ದೊಡ್ಡ ಬಳಚು ಇತ್ತಲ್ಲ.

ಚಿಕ್ಕಪ್ಪ: ಹ್ಞೂಂ. ಊರಿನ ಎರಡು ಗುಂಪಿಗೆ ಬೆಳಿಗ್ಗೆಯೇ ಕಳಿಸಿಬಿಟ್ಟಿದ್ದೆ. ತೆಗೆಯುತ್ತೇನೆ. ನೀನು ಬರೆದದ್ದನ್ನು ಅಲ್ಲಿಗೂ ಹಾಕಲಾ?

ನಾನು: ಹಾಕಿ. ಅತ್ತೆ ಬರೆದದ್ದನ್ನೂ ಹಾಕಿ.

ಅತ್ತೆ: ನಾಳೆ ಬೆಳಿಗ್ಗೆ ಆರೂವರೆಗೆ ಇಳಿತ. ಹೊಳೆಬಾಗಿಲ ದಿಬ್ಬದಲ್ಲಿ ಬೀಜ ಬಿದ್ದಿದೆಯಾ ನೋಡಿ ಫೋಟೊ ಹಾಕ್ತೇನೆ.