‘ಹತ್ತು’ ಇರುವಾಗ ‘ಮೂವತ್ತು’ ಏಕೆ, ‘ಮೂಹತ್ತು’ ಏಕಲ್ಲ?

ಪ್ರಶ್ನೆ:
ಎರಡನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ನಿನ್ನೆ ಸಂಜೆ ಸಂಖ್ಯೆಗಳನ್ನು ಅಕ್ಷರಗಳಲ್ಲಿ ಬರೆಯುತ್ತಾ ಕುಳಿತಿದ್ದಳು. ಮೂವತ್ತರ ಸಾಲಿಗೆ ಬಂದಾಗ ‘ಮೂಹತ್ತು’ ಎಂದು ಬರೆದಳು. ನಾನು ತಿದ್ದಿದೆ. ಮೂರು ಹತ್ತು ಸೇರಿದರೆ ಮೂವತ್ತು ಎಂದು ನೀವೇ ಹೇಳಿಕೊಟ್ಟಿರಿ, ಹಾಗಿದ್ದರೆ ‘ಹ’ ಎಲ್ಲಿ ಹೋಯಿತು ಎಂದು ಕೇಳಿದಳು. ಉತ್ತರ ಹೊಳೆಯಲಿಲ್ಲ. ಇಪ್ಪತ್ತರಲ್ಲಿ ‘ಪ’, ಐವತ್ತರಲ್ಲಿ ‘ವ’, ಎಂಬತ್ತರಲ್ಲಿ ‘ಬ’ ಇದೆಯೇ ಹೊರತು, ಇಪ್ಪತ್ತರಿಂದ ತೊಂಬತ್ತರವರೆಗೆ ಒಂದು ಕಡೆಯೂ ‘ಹತ್ತು’ ಇಲ್ಲವೆಂಬುದನ್ನು ಇಷ್ಟು ವರ್ಷ ಎಣಿಸುತ್ತಾ ಬಂದಿದ್ದರೂ ನಾನು ಗಮನಿಸಿಯೇ ಇರಲಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ನಿಮ್ಮ ಮಗಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ಹಳಗನ್ನಡದಲ್ಲಿ ಹತ್ತಕ್ಕೆ ‘ಪತ್ತು’ ಎನ್ನುತ್ತಿದ್ದರು. ಸುಮಾರು 10ನೆಯ ಶತಮಾನದಿಂದ ಈಚೆಗೆ ಪದದ ಮೊದಲಲ್ಲಿದ್ದ ‘ಪ’ಕಾರ ಮೆಲ್ಲಮೆಲ್ಲನೆ ‘ಹ’ಕಾರವಾಗುತ್ತಾ ಬಂದು, ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪತ್ತು ಹತ್ತಾಯಿತು. ಬದಲಾದದ್ದು ಮೊದಲಲ್ಲಿದ್ದ ‘ಪ’ ಮಾತ್ರ; ಇನ್ನೊಂದು ಪದದ ಬೆನ್ನಿಗೆ ಅಂಟಿಕೊಂಡು ಒಳಗೆ ಸೇರಿದ್ದ ‘ಪ’ಕ್ಕೆ ಆ ಗಾಳಿ ತಾಗಲಿಲ್ಲ. ಇಪ್ಪತ್ತು, ಎಪ್ಪತ್ತುಗಳಲ್ಲಿ ಅದು ಹಾಗೆಯೇ ಉಳಿದಿದೆ. ಎಣ್ (ಎಂಟು) ಮತ್ತು ಪತ್ತು ಸೇರಿದಲ್ಲಿ ಅನುನಾಸಿಕದ ಪಕ್ಕ ‘ಬ’ ಆಗಿ ಎಂಬತ್ತಾಯಿತು. ಮೂವತ್ತು, ಐವತ್ತುಗಳಲ್ಲಿ ಸ್ವರದ ನಂತರ ಬಂದು ‘ವ’ ಆಯಿತು. ಹನ್ನೊಂದು, ಹನ್ನೆರಡು, ಹದಿಮೂರುಗಳಲ್ಲಾದರೋ ಹತ್ತು ಮುಂದೆಯೇ ನಿಂತಿರುವುದರಿಂದ ಅಲ್ಲಿ ‘ಹ’ ಬಂದಿದೆ. ಶಾಸನಗಳಲ್ಲಿ ಬನವಾಸಿ ನಾಡನ್ನು ‘ಪನ್ನಿರ್ಛಾಸಿರ’, ಅಂದರೆ ಹನ್ನೆರಡು ಸಾವಿರ, ಎಂದು ಕರೆದಿರುವುದನ್ನು ನೆನೆದರೆ ಹಳೆಯ ರೂಪ ಕಣ್ಣಿಗೆ ಕಟ್ಟುತ್ತದೆ.

ಶಾಲೆಯಲ್ಲಿ ಆದೇಶ ಸಂಧಿಗೆ ಕಣ್ + ಪನಿ = ಕಂಬನಿ ಎಂಬ ಉದಾಹರಣೆಯನ್ನು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಆ ‘ಪನಿ’ಯೇ ಇಂದಿನ ಹನಿ. ನನಗೆ ಇದಕ್ಕಿಂತಲೂ ಪ್ರಿಯವಾದದ್ದು ‘ಹೆಬ್ಬಾವು’. ಪೆರ್ (ಹಿರಿದು) ಮತ್ತು ಪಾವು (ಹಾವು) ಸೇರಿ ಆದ ಈ ಪದದಲ್ಲಿ ಮೊದಲಲ್ಲಿದ್ದ ‘ಪ’ ‘ಹ’ ಆಗಿದೆ, ಒಳಗಿನದು ‘ಬ’ ಆಗಿ ಉಳಿದಿದೆ. ಇಡೀ ಕಥೆ ಒಂದೇ ಪದದಲ್ಲಿ ಸುತ್ತಿಕೊಂಡು ಮಲಗಿದೆ.

ಉತ್ತರ 2:
ನಮ್ಮ ಮನೆಮಾತು ತುಳು. ನಮ್ಮಲ್ಲಿ ಇಂದಿಗೂ ಹತ್ತಕ್ಕೆ ‘ಪತ್ತ್’, ಹೂವಿಗೆ ‘ಪೂ’, ಹುಲಿಗೆ ‘ಪಿಲಿ’. ಆದರೆ ಇಪ್ಪತ್ತು ‘ಇರ್ವ’, ಮೂವತ್ತು ‘ಮುಪ್ಪ’, ಐವತ್ತು ‘ಐವ’. ಮೇಲಿನ ಉತ್ತರವನ್ನು ಓದಿದ ಮೇಲೆ ಹೊಳೆಯಿತು: ಕನ್ನಡದ ಹತ್ತು ತನ್ನ ತಲೆಯನ್ನು ಬದಲಿಸಿಕೊಂಡು ಬಾಲವನ್ನು ಇಪ್ಪತ್ತರಿಂದ ತೊಂಬತ್ತರವರೆಗೆ ಎಲ್ಲೆಡೆಯೂ ಉಳಿಸಿಕೊಂಡಿದ್ದರೆ, ತುಳುವಿನ ಪತ್ತ್ ತಲೆಯನ್ನು ಉಳಿಸಿಕೊಂಡು, ಮುಪ್ಪದಂತಹ ಕಡೆಗಳಲ್ಲಿ ಬಾಲವನ್ನು ಬಿಟ್ಟುಕೊಟ್ಟಿದೆ.

ಉತ್ತರ 3:
ಎಂಬತ್ತಕ್ಕೆ ಎಂಟು ಕಾರಣವಾದರೆ ತೊಂಬತ್ತಿಗೆ ‘ತೊ’ ಎಲ್ಲಿಂದ ಬಂತು ಎಂದು ಮಗು ಮುಂದೆ ಕೇಳಿಯೇ ಕೇಳುತ್ತದೆ, ಸಿದ್ಧರಾಗಿರಿ. ತೆಲುಗಿನಲ್ಲಿ ಒಂಬತ್ತೇ ‘ತೊಮ್ಮಿದಿ’. ಹಳೆಯ ತಮಿಳಿನಲ್ಲಿ ಒಂಬತ್ತಕ್ಕೆ ‘ತೊಂಡು’ ಎಂಬ ಪದವಿತ್ತು. ಆ ಹಳೆಯ ಒಂಬತ್ತು ನಮ್ಮಲ್ಲಿ ತೊಂಬತ್ತಿನಲ್ಲಿ ಉಳಿದುಕೊಂಡಿದೆ. ಇನ್ನು ‘ಒಂಬತ್ತು’ ಎಂಬುದನ್ನು ಒನ್ + ಪತ್ತು ಎಂದು ಬಿಡಿಸಿ, ಹತ್ತಕ್ಕೆ ಒಂದು ಕಡಿಮೆ ಎಂದು ಅರ್ಥ ಹೇಳುವವರಿದ್ದಾರೆ. ‘ತೊ’ದಲ್ಲಿದ್ದ ತಕಾರ ಜಾರಿಹೋಗಿ ‘ಒ’ ಉಳಿಯಿತು ಎನ್ನುವವರೂ ಇದ್ದಾರೆ. ತೆಲುಗಿನ ರೂಪವನ್ನು ನೋಡಿದರೆ ನನಗೆ ಎರಡನೆಯದೇ ಸರಿಯೆನಿಸುತ್ತದೆ. ಯಾವುದನ್ನು ಒಪ್ಪಿದರೂ ಒಂಬತ್ತಿನ ಹೊಟ್ಟೆಯಲ್ಲಿ ಒಂದು ‘ಪತ್ತು’ ಇರುವುದಂತೂ ಹೌದು.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಇಂದು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂ, ಪತ್ತು ಎಂದು ಬಿಡಿಬಿಡಿಯಾಗಿ ಬರೆದು ತೋರಿಸಿದೆ. ಅದನ್ನು ಎರಡು ಮೂರು ಬಾರಿ ಬೇಗಬೇಗನೆ ಹೇಳಿ ನೋಡಿ, ‘ಮೂವತ್ತು’ ತಾನಾಗಿಯೇ ಬರುತ್ತದೆ ಎಂದಳು. ‘ಮೂಹತ್ತು’ ಎಂದು ಬರೆದಿದ್ದ ಪುಟವನ್ನು ಅಳಿಸದೆ ಹಾಗೆಯೇ ಇಟ್ಟುಕೊಂಡಿದ್ದೇನೆ.