ಜಾನ್ ಎಂಟ್ವಿಸಲ್ ಬೇಸ್‌ಗೆ ಆ ಗುಡುಗು ಎಲ್ಲಿಂದ ಬಂತು?

ಪ್ರಶ್ನೆ: ಎಂಟ್ವಿಸಲ್ ಬೇಸ್ ಗಿಟಾರ್ ನುಡಿಸುತ್ತಿದ್ದ ರಾಕ್ ಬ್ಯಾಂಡ್ ದಿ ಹೂನ ‘ಲೈವ್ ಅಟ್ ಲೀಡ್ಸ್’ (1970) ಆಲ್ಬಮ್ ಮತ್ತೆ ಕೇಳುತ್ತಿದ್ದೇನೆ. ಹೆಡ್‌ಫೋನ್‌ನಲ್ಲಿ ಗಿಟಾರ್ ಒಂದು ಕಡೆ, ಬೇಸ್ ಇನ್ನೊಂದು ಕಡೆ. ನನಗೆ ಬೇಸ್ ಕಡೆಯ ಕಿವಿಯೊಂದೇ ಸಾಕು! ಅದೇ ಸಾಲು ನಾನು ನುಡಿಸಿದರೆ ಬರೀ ದಬದಬ ಅನ್ನುತ್ತದೆ. ಗುಟ್ಟು ತಂತಿಯದ್ದಾ, ಆಂಪ್ಲಿಫೈಯರಿನದ್ದಾ, ಬೆರಳಿನದ್ದಾ?

ಉತ್ತರ 1: ಮೊದಲು ತಂತಿ ನೋಡಿ. ಫ್ಲಾಟ್‌ವೌಂಡ್ (ಚಪ್ಪಟೆ ಸುತ್ತಿನ ನುಣುಪು ತಂತಿ) ಇದ್ದರೆ ತೆಗೆದುಬಿಡಿ. 1966ರಲ್ಲಿ ತಂತಿ ಕಂಪನಿ ರೋಟೋಸೌಂಡ್‌ನವರ ಜೊತೆ ಕೂತು ರೌಂಡ್‌ವೌಂಡ್ (ದುಂಡು ಸುತ್ತಿನ) ತಂತಿಯನ್ನು ತಮಗೆ ಬೇಕಾದ ಹಾಗೆ ಮಾಡಿಸಿಕೊಂಡವರೇ ಎಂಟ್ವಿಸಲ್. ಪಿಯಾನೋದ ಕೆಳಸ್ವರದಂಥ ಆ ಝಣ್ ಅಲ್ಲಿಂದಲೇ. ಟ್ರೆಬಲ್ (ತೀಕ್ಷ್ಣ ಮೇಲುದನಿ) ಏರಿಸೋಕೆ ಹೆದರಬೇಡಿ.

ಉತ್ತರ 2: ತಂತಿ ಸರಿ ಸರ್, ಆದರೆ ಬಲಗೈ? ಟೈಪ್ ಮಾಡುವ ಹಾಗೆ ನಾಲ್ಕೂ ಬೆರಳಲ್ಲಿ ತಂತಿಯನ್ನು ಫ್ರೆಟ್‌ಗೆ (ಗಿಟಾರ್ ಕತ್ತಿನ ಲೋಹದ ಪಟ್ಟಿಗೆ) ಬಡಿಯುತ್ತಿದ್ದರು. ಪಕ್ಕದಲ್ಲಿ ಬ್ಯಾಂಡಿನ ಗಿಟಾರಿಸ್ಟ್ ಟೌನ್‌ಶೆಂಡ್ ಹಾರಿ ಕುಣಿಯುತ್ತಿದ್ದರೂ ಇವರು ಅಲ್ಲಾಡುತ್ತಿರಲಿಲ್ಲ. ಬೆರಳಿಗೆ ಮಾತ್ರ ಪುರುಸೊತ್ತಿಲ್ಲ!

ಪ್ರಶ್ನೆ ಕೇಳಿದವರು: ತಂತಿ ಬದಲಾಯಿಸಿದೆ. ಝಣ್ ಬಂತು, ಥ್ಯಾಂಕ್ಸ್. ಈಗ ಅವರ ‘ಮೈ ಜನರೇಷನ್’ (1965) ಹಾಡಿನ ಬೇಸ್ ಸೋಲೋ ಹಿಡಿದಿದ್ದೇನೆ. ಅರ್ಧ ವೇಗದಲ್ಲೇ ಬೆವರು ಇಳಿಯುತ್ತಿದೆ. ಅದಕ್ಕೆ ಬೆರಳಿನ ಬದಲು ಪಿಕ್ (ತಂತಿ ಮೀಟುವ ಬಿಲ್ಲೆ) ಬಳಸಿದರೆ ಬೈಯಲ್ಲ ಅಲ್ವಾ?